ನಿರಾಶ್ರಿತರಿಗೆ ಕೊಟ್ಟರೆ ಊರಿನವರಿಗೆ ನಷ್ಟವೇ? ಬೈಲಕುಪ್ಪೆ, ಮುಂಡಗೋಡ, ಕಾಕ್ಸ್ ಬಜಾರ್‌ನ ಹೆಣ್ಣುಮಕ್ಕಳ ಕೆಲಸದ ಬಗ್ಗೆ

ಕಾವೇರಿದಂಡೆ

ಮೊನ್ನೆ ಇನ್ನೊಂದು ಚರ್ಚೆಯಲ್ಲಿ ಒಬ್ಬರು ಬರೆದಿದ್ದರು, ನಿರಾಶ್ರಿತರಿಗೆ ಕೊಟ್ಟದ್ದೆಲ್ಲ ಸ್ಥಳೀಯರ ಪಾಲಿನದನ್ನು ಕಿತ್ತು ಕೊಟ್ಟದ್ದೇ ಅಂತ. ಉತ್ತರ ಬರೆಯುತ್ತ ಹೋದೆ, ಉದ್ದವಾಯಿತು. ಅದಕ್ಕೆ ಬೇರೆ ಚರ್ಚೆಯನ್ನೇ ತೆರೆದಿದ್ದೇನೆ.

ನಮ್ಮದು ಕುಶಾಲನಗರದ ಕಡೆ. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಬೈಲಕುಪ್ಪೆ. ಪ್ರವಾಸಕ್ಕೆ ಬಂದವರು ಚಿನ್ನದ ಬಣ್ಣದ ದೇವಸ್ಥಾನ ನೋಡಿ, ಮೊಮೊ ತಿಂದು ಹೋಗುತ್ತಾರೆ. 1960ರಲ್ಲಿ ಅಲ್ಲಿಗೆ ಬಂದ ಟಿಬೆಟನ್ನರಿಗೆ ಸಿಕ್ಕಿದ್ದು ಸುಮಾರು 3000 ಎಕರೆ ಕಾಡು. ಕಾಡು ಕಡಿದವರಲ್ಲಿ, ಕಲ್ಲು ಹೊತ್ತವರಲ್ಲಿ ಹೆಂಗಸರು ಗಂಡಸರಷ್ಟೇ ಇದ್ದರು. ಚಳಿನಾಡಿನಿಂದ ಬಂದವರಿಗೆ ಇಲ್ಲಿನ ಸೆಕೆ, ಜ್ವರ ಎರಡೂ ಹೊಸತು. ಬೆಳೆ ಕೈಗೆ ಬರುವ ಹೊತ್ತಿಗೆ ಆನೆ, ಹಂದಿ. ಮೆಕ್ಕೆಜೋಳ ಅವರ ಕೈಹಿಡಿದದ್ದು ಆಮೇಲೆ.

ಈ ಕಥೆಯಲ್ಲಿ ನಮ್ಮ ಜನ ಮರೆತ ಭಾಗವೊಂದಿದೆ. ಮುಂದೆ ಬಂದ ವಸಾಹತುಗಳಿಗೆ ನೆರವಾಗಲೆಂದೇ 1968ರಲ್ಲಿ ಒಂದು ಸಂಸ್ಥೆ ಹುಟ್ಟಿತು, ಮೈರಾಡ. ಆ ಹೆಸರನ್ನು ಬಿಡಿಸಿದರೆ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂದಾಗುತ್ತದೆ. ಅಲ್ಲಿ ಪುನರ್ವಸತಿ ಅಂದರೆ ಟಿಬೆಟನ್ನರ ಪುನರ್ವಸತಿ. ಮೊದಲ ಹತ್ತು ವರ್ಷ ಅವರ ಮುಖ್ಯ ಕೆಲಸವೇ ಅದು. ಆ ಮೇಲೆ, ವಸಾಹತುಗಳ ಸುತ್ತಮುತ್ತಲ ಹಳ್ಳಿಗಳ ಬಡತನ ಕಂಡು, ಸಂಸ್ಥೆ ಪೂರ್ತಿಯಾಗಿ ಸ್ಥಳೀಯ ಬಡವರ ಕಡೆ ತಿರುಗಿತು.

1984-85ರ ಸುಮಾರಿಗೆ ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದವು. ಸದಸ್ಯರು ಚಿಕ್ಕ ಚಿಕ್ಕ ಗುಂಪಾಗಿ ಬಂದು, ದೊಡ್ಡ ಸಂಘಕ್ಕೆ ಕಟ್ಟಲು ನಮಗೆ ನಂಬಿಕೆಯಿಲ್ಲ, ನಮ್ಮ ನಮ್ಮಲ್ಲಿ ನಂಬಿಕೆಯಿದೆ, ಆ ಗುಂಪಿಗೆ ಸಾಲ ಕಟ್ಟುತ್ತೇವೆ ಎಂದರು. ಸಂಸ್ಥೆಯವರು ಅವರ ಮಾತು ಕೇಳಿದರು. ಇದು ದೊಡ್ಡ ವಿಷಯ ಎಂದು ನಾನು ನಂಬುತ್ತೇನೆ. 1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ಈ ಗುಂಪುಗಳ ತರಬೇತಿಗೆ, ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. ಇವೇ ಇಂದಿನ ಸ್ವಸಹಾಯ ಸಂಘಗಳು. ಹೆಂಗಸರ ಇಂಥ ಸಂಘಗಳಿಗೆಂದು ನಮ್ಮ ರಾಜ್ಯ ತಂದ ಸ್ತ್ರೀಶಕ್ತಿ ಯೋಜನೆ 2000-01ರದ್ದು. ವಾರಕ್ಕೊಮ್ಮೆ ಅಂಗನವಾಡಿ ಜಗಲಿಯಲ್ಲಿ ದುಂಡಗೆ ಕೂತು, ಉಳಿತಾಯದ ಹಣ ಎಣಿಸಿ, ಯಾರಿಗೆ ಸಾಲ, ಯಾಕೆ ಸಾಲ ಎಂದು ಜಗಳವಾಡಿ, ನಡಾವಳಿ ಪುಸ್ತಕಕ್ಕೆ ಸಹಿಯೋ ಹೆಬ್ಬೆಟ್ಟೋ ಹಾಕುವ ಕ್ರಮ ಇದೆಯಲ್ಲ, ಅದರ ಬೇರಿನ ಒಂದು ಎಳೆ ನಿರಾಶ್ರಿತರ ಶಿಬಿರಕ್ಕೆ ಹೋಗಿ ಮುಟ್ಟುತ್ತದೆ.

ನಿರಾಶ್ರಿತರಿಗೆಂದು ಬಂದ ಸಂಸ್ಥೆ, ಅದರ ಕಸುಬು, ಅದರ ಜನ ಊರಿನಲ್ಲೇ ಉಳಿದು ಊರಿನ ಹೆಣ್ಣುಮಕ್ಕಳಿಗೆ ಒದಗಿದರು. ಇದನ್ನು ಕಿತ್ತುಕೊಂಡದ್ದು ಎಂದು ನಾನು ಹೇಗೆ ಒಪ್ಪಲಿ?

ಹುಬ್ಬಳ್ಳಿಯಾಕಿ

ಭಾಳ ಚಲೋ ಬರದೀರಿ ಅಕ್ಕಾರ. ನಮ್ಮ ಕಡೆ ಟಿಬೆಟನ್ ಅಂದ್ರ ಮುಂಡಗೋಡ. ದೀಪಾವಳಿ ಸುಮಾರಿಗೆ ಸ್ವೆಟರ್ ಅಂಗಡಿ ಹಾಕ್ತಾರಲ್ಲ, ಅಲ್ಲಿ ವ್ಯಾಪಾರಕ್ಕ ಕೂಡೋರು ಹೆಚ್ಚಾಗಿ ಹೆಣ್ಣುಮಕ್ಕಳs. ಲುಧಿಯಾನಾದಿಂದ ಮಾಲು ತರೋದು, ಸಾಲ ತೀರಿಸೋದು, ಮಕ್ಕಳ್ನ ಹಾಸ್ಟೆಲಿಗೆ ಬಿಟ್ಟು ಮೂರ್ನಾಲ್ಕು ತಿಂಗಳು ಊರೂರು ತಿರಗೋದು, ಎಲ್ಲಾ ಅವರ ಹೆಗಲ ಮ್ಯಾಲೆ. ನಮ್ಮವ್ವನ ಜೋಡಿ ಕನ್ನಡದಾಗ ಚೌಕಾಶಿ ಮಾಡ್ತಿದ್ದ ಒಬ್ಬ ಆಂಟಿ ಇದ್ರು, "ಅಕ್ಕಾ, ಉಣ್ಣೆ ನೋಡ್ರಿ, ಮುಟ್ಟಿ ನೋಡ್ರಿ" ಅಂತಿದ್ರು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. 1959ರ ಮಾರ್ಚ್ 12ಕ್ಕ ಲ್ಹಾಸಾದಾಗ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳದ್ರು. ಆವತ್ತು ಹುಟ್ಟಿದ ಟಿಬೆಟನ್ ಮಹಿಳಾ ಸಂಘಾನ 1984ರಾಗ ಹಿಮಾಚಲದ ಧರ್ಮಶಾಲಾದಾಗ ಮತ್ತ ಕಟ್ಟಿದ್ರು. ಆಗ ಅಧ್ಯಕ್ಷರಾಗಿದ್ದ ರಿಂಚೆನ್ ಖಾಂಡೊ ಚೋಗ್ಯಾಲ್ ಅವರs ಮುಂದ ಭಿಕ್ಷುಣಿಯರ ಓದಿಗೆ ಅಂತ ಬ್ಯಾರೆ ಯೋಜನಾನೂ ನಡಸಿದ್ರು. ಟಿಬೆಟ್‌ನಿಂದ ಓಡಿ ಬಂದ ಭಿಕ್ಷುಣಿಯರಿಗೆ ಇರಾಕ ಜಾಗ ಇರಲಿಲ್ಲ, ಎಷ್ಟೋ ಮಂದಿಗೆ ಅಕ್ಷರಾನೂ ಬರತಿರಲಿಲ್ಲ. ಅಂಥಾ ಪರಂಪರಾದಾಗ 2016ರ ಡಿಸೆಂಬರ್‌ನಾಗ 20 ಮಂದಿ ಭಿಕ್ಷುಣಿಯರು ಗೆಶೆಮಾ ಪದವಿ ತಗೊಂಡ್ರು, ಬೌದ್ಧ ಶಾಸ್ತ್ರದ ಓದಿನಾಗ ಅದು ಡಾಕ್ಟರೇಟ್ ಇದ್ದಂಗ. ಗಂಡಸರಿಗೆ ಶತಮಾನಗಳಿಂದ ಇದ್ದ ಆ ಪದವಿ, ಹೆಣ್ಣುಮಕ್ಕಳಿಗೆ ಟಿಬೆಟನ್ ಇತಿಹಾಸದಾಗ ಇಷ್ಟು ದೊಡ್ಡ ಗುಂಪಿಗೆ ಸಿಕ್ಕಿದ್ದು ಅದs ಮೊದಲು. ಸಮಾರಂಭ ಆಗಿದ್ದು ಎಲ್ಲಿ? ನಮ್ಮ ಮುಂಡಗೋಡದ ಡ್ರೆಪುಂಗ್ ಮಠದಾಗ. ಉತ್ತರ ಕನ್ನಡ ಜಿಲ್ಲಾದಾಗ ನಡದ ಇಂಥಾ ಸಂಗತಿ ನಮ್ಮ ಮಂದಿಗೆ ಗೊತ್ತs ಇಲ್ಲ ಅಂದ್ರ ಭಾಳ ಬ್ಯಾಸರ ಆಗ್ತದ.

ಹೊಗೆಸೊಪ್ಪಿನ ರೈತ

ಕಾವೇರಿದಂಡೆ ಮೇಡಂ, ನೀವು ಹೇಳಿದ ಇತಿಹಾಸ ಸರಿ ಇರಬಹುದು. ನಾನು ಪಿರಿಯಾಪಟ್ಟಣ ತಾಲ್ಲೂಕಿನವನು, ನಮ್ಮ ಹೊಲ ಟಿಬೆಟನ್ ಕ್ಯಾಂಪಿನ ಬೇಲಿಗೆ ಅಂಟಿಕೊಂಡೇ ಇದೆ. ನಮ್ಮ ಕಡೆ ಈಗಲೂ "ಕ್ಯಾಂಪು" ಅಂತಲೇ ಅನ್ನೋದು. ನಮ್ಮ ಊರಿನ ಹೆಂಗಸರು ಬೆಳಿಗ್ಗೆ ಅಲ್ಲಿಗೆ ಕೂಲಿಗೆ ಹೋಗ್ತಾರೆ. ಜೋಳ ಮುರಿಯೋದು, ಮಠದಲ್ಲಿ ಪಾತ್ರೆ ತೊಳೆಯೋದು, ಕಟ್ಟಡದ ಕೆಲಸ. ಕೂಲಿ ಕೊಡೋರು ಅವರು, ತಗೊಳ್ಳೋರು ನಾವು. ಅವರ ಸಂಘದಲ್ಲಿ ನಮ್ಮ ಹೆಂಗಸರಿಲ್ಲ, ನಮ್ಮ ಸಂಘದಲ್ಲಿ ಅವರಿಲ್ಲ. ಅರವತ್ತು ವರ್ಷ ದಾಟಿತು. ಇದನ್ನ ಹೊಂದಾಣಿಕೆ ಅಂತ ಹೊಗಳಬೇಕಾ? ಜಗಳ ಇಲ್ಲ ಅನ್ನೋದು ನಿಜ. ಆದರೆ ಒಟ್ಟಿಗೆ ಕೂತು ಏನು ಮಾಡಿದ್ದೀವಿ, ಅದನ್ನ ಹೇಳಿ.

ಕಾವೇರಿದಂಡೆ

ಅಣ್ಣಾ, ನಿಮ್ಮ ಮಾತು ಗಟ್ಟಿಯಾಗಿದೆ. ಒಂದೇ ಸಂಘದಲ್ಲಿ ಎರಡೂ ಕಡೆಯ ಹೆಣ್ಣುಮಕ್ಕಳು ಕೂತದ್ದನ್ನು ನಾನೂ ನೋಡಿಲ್ಲ. ಶಾಲೆ ಬೇರೆ, ಸಹಕಾರ ಸಂಘ ಬೇರೆ, ಹಬ್ಬ ಬೇರೆ. ಆಸ್ಪತ್ರೆ, ಅಂಗಡಿ, ಬಸ್ಸು, ಹೊಲ ಇಷ್ಟರಲ್ಲಿ ಮಾತ್ರ ಒಬ್ಬರಿಗೊಬ್ಬರು ಸಿಗುತ್ತೇವೆ. ಭೂಮಿ, ಕಾಗದಪತ್ರ, ವಿದೇಶದ ದಾನ ಎಲ್ಲ ಬೇರೆ ಬೇರೆ ದಾರಿಯಲ್ಲಿ ಬಂದದ್ದರಿಂದ ಹೀಗಾಯಿತು ಎಂದು ನನಗನ್ನಿಸುತ್ತದೆ.

ಆದರೂ ಕೆಲಸದ ಕಡೆಯಿಂದ ನೋಡಿ. ಅವರ ಕರಕುಶಲ ಕೇಂದ್ರದಲ್ಲಿ ರತ್ನಗಂಬಳಿ ನೇಯುವುದನ್ನು ಕೂತು ನೋಡಿದ್ದೇನೆ. ನಿಂತ ಮಗ್ಗ, ಅದರ ಮುಂದೆ ತಗ್ಗಾದ ಹಲಗೆಯ ಮೇಲೆ ಇಬ್ಬರು ಹೆಂಗಸರು ಪಕ್ಕಪಕ್ಕ. ಒಂದು ಕಬ್ಬಿಣದ ಕಡ್ಡಿಯನ್ನು ಹಾಸಿನ ದಾರದ ಮೇಲೆ ಅಡ್ಡ ಹಿಡಿದು, ಉಣ್ಣೆಯನ್ನು ದಾರಕ್ಕೊಮ್ಮೆ ಕಡ್ಡಿಗೊಮ್ಮೆ ಸುತ್ತುತ್ತ ಸಾಲು ಮುಗಿಸುತ್ತಾರೆ. ಆಮೇಲೆ ಸುತ್ತಿಗೆಯಿಂದ ಕುಟ್ಟಿ, ಕಡ್ಡಿಯ ಮೇಲಿನ ಸುತ್ತುಗಳನ್ನು ಚಾಕುವಿನಿಂದ ಉದ್ದಕ್ಕೂ ಸೀಳಿದರೆ ಉಣ್ಣೆಯ ತುದಿಗಳು ಬಿಚ್ಚಿಕೊಳ್ಳುತ್ತವೆ. ಇಬ್ಬರ ಕೈಯ ಬಿಗಿ ಒಂದೇ ಆಗಿರಬೇಕು, ಇಲ್ಲದಿದ್ದರೆ ಗಂಬಳಿ ಒಂದು ಕಡೆ ಎಳೆದುಕೊಳ್ಳುತ್ತದೆ. ಈ ಕೆಲಸಕ್ಕೆ ಹೊಸ ಹುಡುಗಿಯರು ಸಿಗುತ್ತಿಲ್ಲ. ಓದಿದವರು ಬೆಂಗಳೂರಿಗೆ, ವಿದೇಶಕ್ಕೆ ಹೋಗುತ್ತಿದ್ದಾರೆ. ನಮ್ಮ ಕಡೆ ಸಂಘದಿಂದ ಹೊಲಿಗೆ ಯಂತ್ರ ತಗೊಂಡು ಕೆಲಸ ಸಿಗದೆ ಕೂತ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಇಬ್ಬರನ್ನೂ ಒಂದೇ ಮಗ್ಗದ ಮುಂದೆ ಕೂರಿಸುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಯಾರೂ ಕೇಳಿಲ್ಲ, ಅಷ್ಟೇ.

ಮಕ್ಕಳ ವಿಷಯವನ್ನೂ ಹೇಳಬೇಕು. 1960ರ ಮೇ 17ರಂದು ಜಮ್ಮುವಿನ ರಸ್ತೆ ಕಾಮಗಾರಿ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲೆಗೆ ಬಂದರು. ಅಪ್ಪ ಅಮ್ಮ ಜಲ್ಲಿ ಒಡೆಯುವವರು, ಮಕ್ಕಳಿಗೆ ಹೊಟ್ಟೆಗಿಲ್ಲ, ಕಾಯಿಲೆ. ಅವರನ್ನು ಸಾಕಲು ಮುಂದೆ ಬಂದವರು ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ. 1964ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೆಮಾ ವಹಿಸಿಕೊಂಡು ನಾಲ್ಕು ದಶಕ ನಡೆಸಿದರು. ಬೈಲಕುಪ್ಪೆಯಲ್ಲಿರುವ ಟಿಬೆಟನ್ ಮಕ್ಕಳ ಗ್ರಾಮದ ಶಾಲೆ ಆ ಕೆಲಸದ್ದೇ ಮುಂದುವರಿಕೆ.

ಕಡಲಾಚೆ

ಸ್ವಲ್ಪ ದೂರದ ಮಾತು, ಆದರೆ ಹೊಗೆಸೊಪ್ಪಿನ ರೈತರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ನಾನು ಉಡುಪಿಯವಳು, ಆರೋಗ್ಯ ಕ್ಷೇತ್ರದ ಕೆಲಸದ ಮೇಲೆ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿದ್ದೆ.

2017ರ ಆಗಸ್ಟ್ 25ರಂದು ಮ್ಯಾನ್ಮಾರ್ ಸೇನೆಯ ದಾಳಿ ಶುರುವಾದ ನಂತರ ಕೆಲವೇ ತಿಂಗಳಲ್ಲಿ ಅಲ್ಲಿನ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳು 7 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಉಖಿಯಾ, ಟೆಕ್ನಾಫ್ ಎರಡು ಉಪಜಿಲ್ಲೆಗಳ ಸ್ಥಳೀಯರು ಸುಮಾರು 5 ಲಕ್ಷ. ಮೊದಲೇ ಬಂದವರೂ ಸೇರಿ ನಿರಾಶ್ರಿತರು ಅದರ ಎರಡು ಪಾಲಿನ ಹತ್ತಿರ. ಮೊದಲು ಗಡಿ ದಾಟಿ ಬಂದವರಿಗೆ ಅನ್ನ ಹಾಕಿದವರು, ಅಂಗಳದಲ್ಲಿ ಮಲಗಿಸಿಕೊಂಡವರು ಅದೇ ಸ್ಥಳೀಯರು. ದೊಡ್ಡ ಸಂಸ್ಥೆಗಳ ಜೀಪುಗಳು ಬಂದದ್ದು ಆಮೇಲೆ. ವರ್ಷ ಕಳೆಯುವುದರೊಳಗೆ ದಿನಗೂಲಿ ಇಳಿಯಿತು, ತರಕಾರಿ ದರ ಏರಿತು, ಗುಡ್ಡದ ಕಾಡು ಸೌದೆಗೆ ಕರಗಿತು. ಸೌದೆ ತರುವವರು ಎರಡೂ ಕಡೆಯವರು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಕಾಡಿನಲ್ಲಿ ಆನೆಯ ಭಯ, ಗಂಡಸರ ಕಾಟದ ಭಯ. 2018ರಿಂದ ಶಿಬಿರಗಳಿಗೆ ಗ್ಯಾಸ್ ಸಿಲಿಂಡರ್ ಕೊಡಲು ಶುರು ಮಾಡಿದರು, ಹತ್ತಿರದ ಸ್ಥಳೀಯ ಕುಟುಂಬಗಳಿಗೂ ಕೊಟ್ಟರು. ಬೋಳಾಗಿದ್ದ ಗುಡ್ಡಗಳು ಮತ್ತೆ ಹಸಿರಾಗತೊಡಗಿದವು. ನಾನು ಕಂಡ ಅತ್ಯಂತ ಉಪಯುಕ್ತ ಸಹಾಯ ಯಾವುದು ಎಂದು ಕೇಳಿದರೆ ಆ ಸಿಲಿಂಡರನ್ನೇ ತೋರಿಸುತ್ತೇನೆ.

ಹೆಂಗಸರ ಸಂಸ್ಥೆಗಳೇ ಯಾಕೆ ಬೇಕು ಎಂದು ಇಲ್ಲಿ ಯಾರಾದರೂ ಕೇಳಬಹುದು. ಶಿಬಿರದ ಶೌಚಾಲಯ ಎಲ್ಲಿ ಕಟ್ಟಿದ್ದಾರೆ, ರಾತ್ರಿ ಅಲ್ಲಿ ಬೆಳಕಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂಬ ಪ್ರಶ್ನೆಗಳು ನಕ್ಷೆ ಬರೆಯುವ ಗಂಡಸರಿಗೆ ಹೊಳೆಯುವುದು ಕಡಿಮೆ. ಹುಡುಗಿಯರು ಸಂಜೆ ಮೇಲೆ ಶೌಚಕ್ಕೆ ಹೋಗಬಾರದೆಂದು ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಡುತ್ತಿದ್ದರು. ನಮ್ಮ ಚಿಕಿತ್ಸಾಲಯಕ್ಕೆ ಉರಿಮೂತ್ರ ಎಂದು ಬರುತ್ತಿದ್ದರು. ಈ ಕಾರಣ ನಮಗೆ ತಿಳಿದದ್ದು ಊರಿನ ಒಬ್ಬ ಸ್ವಯಂಸೇವಕಿಯಿಂದ. ಅವಳಿಗೆ ಹೇಗೆ ತಿಳಿಯಿತು? ಅಲ್ಲಿನವರು ಮಾತಾಡುವ ಚಿತ್ತಗಾಂಗ್ ಕಡೆಯ ಭಾಷೆಯೂ ರೋಹಿಂಗ್ಯಾ ಭಾಷೆಯೂ ಹತ್ತಿರ ಹತ್ತಿರ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಢಾಕಾದಿಂದ ಬಂದ ಅಧಿಕಾರಿಗೂ, ನನಗೂ ದುಭಾಷಿ ಬೇಕಿತ್ತು. ಊರಿನ ಹೆಣ್ಣುಮಕ್ಕಳಿಗೆ ಬೇಕಿರಲಿಲ್ಲ.

ಹಾಗಾಗಿ ಜಾಗೊ ನಾರಿ ಉನ್ನಯನ್ ಸಂಸ್ಥಾದಂಥ, ಕಾಕ್ಸ್ ಬಜಾರ್‌ನ ಹೆಂಗಸರೇ ನಡೆಸುವ ಸಂಸ್ಥೆಗಳ ಬೆಲೆ ಬೇರೆ. ರೋಹಿಂಗ್ಯಾ ಹೆಂಗಸರೂ ಬರೀ ಸಹಾಯ ಪಡೆಯುವವರಾಗಿ ಉಳಿಯಲಿಲ್ಲ. ವಕೀಲೆ ರಜಿಯಾ ಸುಲ್ತಾನಾ, ತಾವೂ ರೋಹಿಂಗ್ಯಾ, ಸೈನಿಕರ ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಹೇಳಿಕೆಗಳನ್ನು ಒಂದೊಂದಾಗಿ ದಾಖಲಿಸಿ 2018ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಮಾತಾಡಿದರು.

ನನ್ನ ಅಸಮಾಧಾನ ಹಣದ ಬಗ್ಗೆ. 2016ರಲ್ಲಿ ದೊಡ್ಡ ದಾನಿಗಳು, ದೊಡ್ಡ ಸಂಸ್ಥೆಗಳು ಸೇರಿ, 2020ರ ಹೊತ್ತಿಗೆ ಮಾನವೀಯ ನೆರವಿನ ಶೇಕಡಾ 25ರಷ್ಟನ್ನಾದರೂ ಸ್ಥಳೀಯ ಸಂಸ್ಥೆಗಳಿಗೆ ಆದಷ್ಟು ನೇರವಾಗಿ ಮುಟ್ಟಿಸುತ್ತೇವೆ ಎಂದು ಒಪ್ಪಿದ್ದರು. ಆ ಗುರಿ ಮುಟ್ಟಲೇ ಇಲ್ಲ. ಸ್ಥಳೀಯ ಹೆಂಗಸರ ಸಂಸ್ಥೆಗೆ ಸಿಗುವುದು ಉಪಗುತ್ತಿಗೆ, ಒಂದು ವರ್ಷಕ್ಕೋ ಆರು ತಿಂಗಳಿಗೋ. ನಾನಿದ್ದ ದೊಡ್ಡ ಸಂಸ್ಥೆಯೊಂದರಲ್ಲಿ, ಹೆಸರು ಬೇಡ, ವಾಹನದ ಬಾಡಿಗೆಗೆ ತಲೆಕೆಡಿಸಿಕೊಳ್ಳದವರು ಸ್ಥಳೀಯ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಹುಡುಗಿಯ ಸಂಬಳಕ್ಕೆ ತಕರಾರು ತೆಗೆಯುತ್ತಿದ್ದರು. ಕೊನೆಗೆ ಆ ಹುಡುಗಿ ಕೆಲಸ ಬಿಟ್ಟು ಅದೇ ದೊಡ್ಡ ಸಂಸ್ಥೆಗೇ ಸೇರಿದಳು. ಚಿಕ್ಕ ಸಂಸ್ಥೆ ತರಬೇತಿ ಕೊಟ್ಟು ಬೆಳೆಸಿದವರೆಲ್ಲ ಹೀಗೇ ಹೋಗುತ್ತಿದ್ದರು. ಈಗಂತೂ ನೆರವೇ ಬತ್ತುತ್ತಿದೆ. 2025ರ ಮಾರ್ಚ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ತಲೆಗೆ ತಿಂಗಳಿಗೆ 12.50 ಡಾಲರ್ ಇದ್ದ ಪಡಿತರವನ್ನು 6 ಡಾಲರ್‌ಗೆ ಇಳಿಸುವುದಾಗಿ ಹೇಳಿತ್ತು, ಆಮೇಲೆ ಹಣ ಹೊಂದಿಸಿ 12ಕ್ಕೆ ನಿಲ್ಲಿಸಿತು. ಹೀಗೆ ಕಡಿತವಾದಾಗಲೆಲ್ಲ ಮನೆಯಲ್ಲಿ ಮೊದಲು ಊಟ ಬಿಡುವವಳು ತಾಯಿ, ಮೊದಲು ಮದುವೆಯಾಗಿ ಹೋಗುವವಳು ಚಿಕ್ಕ ಹುಡುಗಿ.

ರಬ್ಬರ್ ತೋಟ

ಸುಳ್ಯದಿಂದ. ನಮ್ಮಲ್ಲಿಯೂ ಇಂಥದ್ದೇ ಕಥೆ ಉಂಟು, ಯಾರೂ ಹೇಳುವುದಿಲ್ಲ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸ್ ಕಳಿಸಿದ ತಮಿಳು ತೋಟ ಕಾರ್ಮಿಕರನ್ನು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ತಂದು ಬಿಟ್ಟರು. ಕಾನೂನಿನ ಪ್ರಕಾರ ನಿರಾಶ್ರಿತರಲ್ಲ, ಭಾರತದ ಪ್ರಜೆಗಳೇ. ಬೆಳಗ್ಗಿನ ಕತ್ತಲೆಗೆ ಎದ್ದು ಟ್ಯಾಪಿಂಗಿಗೆ, ಅಂದರೆ ಮರದಿಂದ ರಬ್ಬರ್ ಹಾಲು ಇಳಿಸಲಿಕ್ಕೆ, ಹೋಗುವವರಲ್ಲಿ ಹೆಂಗಸರು ತುಂಬ ಜನ. ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಕಚೇರಿಯಿಂದ ಕಚೇರಿಗೆ ಅಲೆದವರೂ ಅವರೇ. ನಮ್ಮ ಅಮ್ಮನ ಸಂಘದಲ್ಲಿ ಇಬ್ಬರು ತಮಿಳು ಅಕ್ಕಂದಿರು ಇದ್ದರು, ಸಭೆಯಲ್ಲಿ ತುಳು ಮಾತಾಡುತ್ತಿದ್ದರು. ಹೊಗೆಸೊಪ್ಪಿನ ರೈತರೇ, ಒಟ್ಟಿಗೆ ಕೂತದ್ದು ಉಂಟು.

ಹೊಳಲ್ಕೆರೆ ಬಸ್ಸು

ಚರ್ಚೆ ಚೆನ್ನಾಗಿದೆ. ಆದರೆ ಸಂಘ ಅಂದ ಕೂಡಲೇ ಸಬಲೀಕರಣ ಅಂತ ಬರೆದುಬಿಡಬೇಡಿ. ನಮ್ಮ ಹೊಳಲ್ಕೆರೆಯ ಹೆಸರು ಮೈರಾಡದ ಶುರುವಿನ ದಿನಗಳಲ್ಲಿ ಬರುತ್ತೆ, ಅದು ನಮಗೆ ಹೆಮ್ಮೆ. ಆಗಿನ ಸಂಘದಲ್ಲಿ ಹಣ ಹೆಂಗಸರದ್ದು, ಬಡ್ಡಿ ಎಷ್ಟು, ದಂಡ ಎಷ್ಟು ಅಂತ ತೀರ್ಮಾನ ಮಾಡೋರು ಅವರೇ. ಇವತ್ತು ಅದೇ ಗುಂಪನ್ನ ಇಟ್ಟುಕೊಂಡು ಮೈಕ್ರೋಫೈನಾನ್ಸ್ ಕಂಪನಿಗಳು ಸಾಲ ಹಂಚುತ್ತಿವೆ. ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರೋದು, ಮಿಕ್ಕ ಸದಸ್ಯೆಯರನ್ನೂ ಎಬ್ಬಿಸಿ ಕರೆತರೋದು. ಊರು ಬಿಟ್ಟು ಹೋದ ಕುಟುಂಬಗಳಿವೆ, ಪ್ರಾಣ ಕಳೆದುಕೊಂಡವರಿದ್ದಾರೆ. ಇಂಥ ವಸೂಲಿ ತಡೆಯೋಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಬ್ಬರನ್ನೊಬ್ಬರು ನಂಬಿದ್ದೇ ಆಗ ಬಲವಾಗಿತ್ತು, ಈಗ ಅದೇ ನಂಬಿಕೆಯನ್ನ ವಸೂಲಿಗೆ ಬಳಸ್ತಿದ್ದಾರೆ. ನಿರಾಶ್ರಿತ ಹೆಂಗಸರ ಶಿಬಿರಕ್ಕೆ ಸಣ್ಣ ಸಾಲ ಅಂತ ಹೊರಡೋರು ಮೊದಲು ನಮ್ಮ ಜಿಲ್ಲೆಗೆ ಬಂದು ನೋಡಲಿ. ಹಿಂದೆ ಜಮೀನಿಲ್ಲ, ಕಾಗದವಿಲ್ಲ, ಓಡಿಹೋಗೋಕೆ ಊರೂ ಇಲ್ಲ ಅನ್ನುವವಳ ತಲೆ ಮೇಲೆ ಸಾಲ ಹೊರಿಸೋದು ಹೇಗೆ?

ಕಡಲಾಚೆ

ನೂರಕ್ಕೆ ನೂರು ಒಪ್ಪುತ್ತೇನೆ. ಶಿಬಿರದಲ್ಲಿ ಹೊರಗೆ ಹೋಗಿ ದುಡಿಯಲು ಅನುಮತಿಯೇ ಇಲ್ಲ. ಹೊಲಿಗೆ ಕಲಿಸಿದರೂ ಮಾರುವುದೆಲ್ಲಿ? ಆ ಪ್ರಶ್ನೆಗೆ ಉತ್ತರವಿಲ್ಲದೆ ತರಬೇತಿಯ ಫೋಟೊ ತೆಗೆಯುವವರು ಬಹಳ. ಕೆಲಸಕ್ಕೆ ಬಂದದ್ದು, ಶಿಬಿರದೊಳಗೇ ಬೇಕಾಗುವ ವಸ್ತುಗಳನ್ನು ಹೊಲಿಸಿ ಕೂಲಿ ಕೊಟ್ಟದ್ದು: ಮುಟ್ಟಿನ ಬಟ್ಟೆ, ಮಾಸ್ಕ್, ಮಕ್ಕಳ ಅಂಗಿ.

ಕಪ್ಪು ಕೋಟು

ಕಾಗದದ ವಿಷಯ ಬಂದದ್ದರಿಂದ ಒಂದೆರಡು ಮಾತು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಮ್ಮಲ್ಲಿ ಟಿಬೆಟನ್ನರ ಕೈಯಲ್ಲಿರುವುದು ನೋಂದಣಿ ಪ್ರಮಾಣಪತ್ರ, ಅವರ ಬಾಯಲ್ಲಿ ಆರ್‌ಸಿ. ಬ್ಯಾಂಕ್ ಸಾಲ, ಸರ್ಕಾರಿ ಕೆಲಸ, ಪ್ರಯಾಣ ಎಲ್ಲದಕ್ಕೂ ಅದೇ ತೊಡಕು. 2014ರಲ್ಲಿ ಕೇಂದ್ರದ ಟಿಬೆಟನ್ ಪುನರ್ವಸತಿ ನೀತಿ ಬಂದ ಮೇಲೆ ಸರ್ಕಾರಿ ಯೋಜನೆಗಳ ಬಾಗಿಲು ಕಾಗದದ ಮೇಲಾದರೂ ತೆರೆಯಿತು.

ಪೌರತ್ವದ ದಾರಿ ತೆರೆದದ್ದು ಕೂಡ ಒಬ್ಬ ಹೆಣ್ಣುಮಗಳು. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂಬುದು ಕಾಯ್ದೆಯಲ್ಲಿಯೇ ಇದೆ. ಆದರೂ ಪಾಸ್‌ಪೋರ್ಟ್ ನಿರಾಕರಿಸಿದಾಗ ನಮ್‌ಗ್ಯಾಲ್ ಡೋಲ್ಕರ್ ಎಂಬವರು ದೆಹಲಿ ಹೈಕೋರ್ಟಿಗೆ ಹೋಗಿ 2010ರಲ್ಲಿ ಗೆದ್ದರು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2013ರಲ್ಲಿ, ಬೇರೆ ಪ್ರಕರಣದಲ್ಲಿ, ಇದೇ ಮಾತನ್ನು ಎತ್ತಿಹಿಡಿಯಿತು. ಪೌರತ್ವ ತೆಗೆದುಕೊಂಡರೆ ಟಿಬೆಟ್‌ಗೆ ಬೆನ್ನು ತಿರುಗಿಸಿದಂತೆ ಎಂದು ನೋಯುವ ಹಿರಿಯರು ಆ ಸಮುದಾಯದಲ್ಲಿದ್ದಾರೆ. ಆ ನೋವನ್ನು ನಾನು ಗೌರವಿಸುತ್ತೇನೆ, ಅದನ್ನು ಹೊರಗಿನವರು ತೀರ್ಮಾನಿಸಬಾರದು.

ಹೊಗೆಸೊಪ್ಪಿನ ರೈತ

ರಬ್ಬರ್ ತೋಟದವರ ಮಾತು ಓದಿ ಸಂತೋಷವಾಯಿತು. ನನ್ನ ಪ್ರಶ್ನೆ ವಿರೋಧಕ್ಕೆ ಕೇಳಿದ್ದಲ್ಲ. ನಮ್ಮ ಊರಿನವರಿಗೆ ಹೊಟ್ಟೆಯುರಿ ಅಂತ ಯಾರಾದರೂ ಬರೆದರೆ ಸಿಟ್ಟು ಬರುತ್ತೆ. ಪಕ್ಕದಲ್ಲಿ ಬೆಳಕು ಬಂತು, ರಸ್ತೆ ಬಂತು, ನಮ್ಮ ಕೇರಿಗೆ ಬರಲಿಲ್ಲ ಅಂದಾಗ ಕೇಳೋದು ಸಹಜ. ನೆರವು ತರೋರು ಮೊದಲ ದಿನವೇ ಎರಡೂ ಕಡೆಗೂ ಅಂತ ಲೆಕ್ಕ ಹಾಕಿ ತರಬೇಕು. ಹಾಗೆ ಮಾಡಿದ ದೇಶ ಯಾವುದಾದರೂ ಇದೆಯಾ?

ಕಡಲಾಚೆ

ಇದೆ, ಉಗಾಂಡಾ. ಅಲ್ಲಿ ನಿರಾಶ್ರಿತರ ಹೆಸರಲ್ಲಿ ಬರುವ ಯೋಜನೆಗಳಲ್ಲಿ ಸುಮಾರು ಶೇಕಡಾ 30ರಷ್ಟು ಪಾಲು ಸುತ್ತಲಿನ ಸ್ಥಳೀಯರಿಗೆ ಹೋಗಬೇಕು ಎಂಬ ನಿಯಮ ಪಾಲಿಸುತ್ತಾರೆ. ಶಾಲೆ, ಬೋರ್‌ವೆಲ್, ಆಸ್ಪತ್ರೆ ಇಬ್ಬರಿಗೂ ಒಂದೇ. ನಿರಾಶ್ರಿತರಿಗೆ ದುಡಿಯುವ, ಓಡಾಡುವ ಹಕ್ಕೂ ಇದೆ, ಉಳುಮೆಗೆ ಸಣ್ಣ ತುಂಡು ಜಮೀನೂ ಕೊಡುತ್ತಾರೆ. 2016ರಲ್ಲಿ ಶುರುವಾದ ಬಿಡಿಬಿಡಿ ವಸಾಹತಿನಲ್ಲಿ ದಕ್ಷಿಣ ಸುಡಾನಿನಿಂದ ಬಂದ 2 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಬಹುಪಾಲು ಹೆಂಗಸರು, ಮಕ್ಕಳು. ಅಲ್ಲಿನ ಉಳಿತಾಯದ ಗುಂಪುಗಳು ನಮ್ಮ ಸಂಘಗಳಂತೆಯೇ, ವಾರದ ಉಳಿತಾಯ, ಗುಂಪಿನೊಳಗೇ ಸಾಲ. ಕೆಲವು ಗುಂಪುಗಳಲ್ಲಿ ಸ್ಥಳೀಯ ಹೆಂಗಸರೂ ಇರುತ್ತಾರೆ.

ಕಾವೇರಿದಂಡೆ

ಹಾಗಾದರೆ ಕೆಲಸಕ್ಕೆ ಬರೋಣ. ಬೈಲಕುಪ್ಪೆಯಲ್ಲಿ ಗಂಬಳಿ ನೇಯ್ದ ಅಜ್ಜಿಯರ ಮಾತು, ಹುಣಸೂರು, ಕೊಳ್ಳೇಗಾಲ, ಮುಂಡಗೋಡ, ಹೊಳಲ್ಕೆರೆ ಕಡೆಯ ಮೊದಲ ಸಂಘಗಳ ಸದಸ್ಯೆಯರ ಮಾತು, ಎರಡನ್ನೂ ಕನ್ನಡದಲ್ಲಿ ದಾಖಲಿಸಬೇಕು. ಅಜ್ಜಿಯರಲ್ಲಿ ಹಲವರಿಗೆ ಕನ್ನಡ ಸಲೀಸಾಗಿ ಬರುತ್ತದೆ. ಜೊತೆಗೆ ಹಳೆಯ ನಡಾವಳಿ ಪುಸ್ತಕಗಳು ಯಾರ ಮನೆಯಲ್ಲಿದ್ದರೂ ತಿಳಿಸಿ. ಒಲೆಗೆ ಹಾಕುವ ಮುಂಚೆ ಫೋಟೊ ತೆಗೆಯೋಣ.

ಹೊಳಲ್ಕೆರೆ ಬಸ್ಸು

ನಮ್ಮ ಅತ್ತೆ ಹತ್ತಿರ ಎರಡು ಪುಸ್ತಕ ಇವೆ, ಎಂಬತ್ತರ ದಶಕದ ಕೊನೆಯವು. ಒಂದಕ್ಕೆ ಗೆದ್ದಲು ಹತ್ತಿದೆ. ಎಮ್ಮೆ ಸಾಲ, ಹೆರಿಗೆ ಸಾಲ, ಅಡವಿಟ್ಟ ಓಲೆ ಬಿಡಿಸಿಕೊಳ್ಳೋಕೆ ಸಾಲ, ಎಲ್ಲ ಹೆಸರು ಸಮೇತ ಇದೆ. ಹೆಸರು ಮುಚ್ಚಿ ಹಾಕಬೇಕಾ?

ಕಾವೇರಿದಂಡೆ

ಹೆಸರು, ಮೊತ್ತ ಎರಡನ್ನೂ ಮುಚ್ಚಿ ಅಕ್ಕಾ. ಬದುಕಿರುವವರ ಒಪ್ಪಿಗೆ ಕೇಳಿ, ಒಪ್ಪದವರ ಪುಟ ಬಿಡೋಣ. ಗೆದ್ದಲು ಹತ್ತಿದ್ದನ್ನು ಮೊದಲು ತೆಗೆಯಿರಿ.

ಹೊಗೆಸೊಪ್ಪಿನ ರೈತ

ಮಗ್ಗದ ವಿಷಯ ನಾನು ಕೇಳಿಬರ್ತೀನಿ. ನಮ್ಮ ಮನೆಯವರ ಸಂಘದಲ್ಲಿ ಹೊಲಿಗೆ ಬರುವ ನಾಲ್ಕು ಹುಡುಗಿಯರು ತಯಾರಿದ್ದಾರೆ. ಕರಕುಶಲ ಕೇಂದ್ರದ ಮೇಡಂ ಹತ್ತಿರ ಯಾವ ದಿನ ಹೋದರೆ ಸಿಗ್ತಾರೆ, ನಿಮಗೆ ಗೊತ್ತಿದ್ದರೆ ತಿಳಿಸಿ.